ಇಬ್ಬರು ಬೇಕಾಗುವ ಪಂಪು

ಮೊನ್ನೆ ಪಕ್ಕದ ಮನೆಯ ಬಾಗಿಲಿಗೆ ಪಾಲಿಶ್ ಹೊಡೆಯುತ್ತಿದ್ದರು. ಅರಗು ಕರಗಿಸಿದ ಸ್ಪಿರಿಟ್ಟಿನ ಘಾಟು ಮೂಗಿಗೆ ಬಡಿದಿದ್ದೇ ತಡ, ಮಧುಗಿರಿಯ ನಮ್ಮ ಎದುರುಮನೆಯ ಬಡಗಿ ಮಾವ ಕಣ್ಣಮುಂದೆ ಬಂದು ನಿಂತರು. ಮಹಾರಾಜರ ಕಾಲ ಅದು. ನಾನಾಗ ಹೊಸದಾಗಿ ಮದುವೆಯಾಗಿ ಆ ಬೀದಿಗೆ ಬಂದವಳು...

ಮಾವನಿಗೂ, ನಾನು ಅತ್ತೆ ಎಂದು ಕರೆಯುತ್ತಿದ್ದ ಅವರ ಹೆಂಡತಿಗೂ ಮಾತಿರಲಿಲ್ಲ. ಹೆಂಡತಿಯನ್ನು ಒಂದು ಮಾತೂ ಕೇಳದೆ ಒಬ್ಬಳೇ ಮಗಳನ್ನು ಪಾವಗಡದಾಚೆಯ ತೆಲುಗು ಸೀಮೆಗೆ ಕೊಟ್ಟುಬಿಟ್ಟಿದ್ದರಂತೆ. ಅತ್ತೆ ಅವತ್ತೇ ಬಾಯಿಗೆ ಬೀಗ ಹಾಕಿಕೊಂಡರು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದವರು ಆ ಮನೆ ನೋಡಿರಲಿಲ್ಲ ಬಿಡಿ. ನಡುವೆ ಸುದ್ದಿ ಮುಟ್ಟಿಸುವ ಕರ್ಮ ನನ್ನದು. "ಸಾರಿಗೆ ಉಪ್ಪಿಲ್ಲ ಅಂತ ಹೇಳಮ್ಮ" ಎಂದು ಮಾವ, "ಅವ್ರ ನಾಲ್ಗೇಲೇ ರುಚಿ ಇಲ್ಲ ಅನ್ನು" ಎಂದು ಅತ್ತೆ. ನನಗೋ ತಲೆ ಚಿಟ್ಟು ಹಿಡಿಯುತ್ತಿತ್ತು.

ಮಗಳು ತವರಿಗೆ ಬಂದು ಗಂಡು ಹೆತ್ತಳು. ಮಾವ ಮೊಮ್ಮಗನಿಗೆ ತೊಟ್ಟಿಲು ಮಾಡಿದರು, ಸುತ್ತಲೂ ಗಿಳಿಗಳ ಕೆತ್ತನೆ. ಮರದ ಬಣ್ಣ ಹಾಗೇ ಕಾಣಬೇಕು, ಮೇಲೊಂದು ತಿಳಿ ಮೆರುಗು ಬರಬೇಕು. ಪಾಲಿಶನ್ನು ಬಟ್ಟೆಯಲ್ಲಿ ಉಜ್ಜಿದರೆ ಗಿಳಿಯ ರೆಕ್ಕೆಯ ಸಂದಿಗೆ ಹೋಗದು. ಕುಂಚದಲ್ಲಿ ಬಳಿದರೆ ಸಂದಿಯಲ್ಲೇ ಮಡುಗಟ್ಟಿ ಕೆಳಗೆ ಸೋರುವುದು. ಅದಕ್ಕೇ ಬೆಂಗಳೂರಿನ ವ್ಯಾಪಾರಿಯಿಂದ ಪಾಲಿಶ್ ಸಿಂಪಡಿಸುವ ಎರಡು ಪಂಪು ತರಿಸಿದರು, ನೋಡಿ ಒಂದನ್ನು ಇಟ್ಟುಕೊಳ್ಳುವ ಕರಾರಿನ ಮೇಲೆ.

ಒಂದು, ಸೊಳ್ಳೆಗೆ ಔಷಧಿ ಹೊಡೆಯುವಂಥ ಕೈ ಪಂಪು, ಒಬ್ಬರೇ ಸಾಕು. ಇನ್ನೊಂದನ್ನು ಒಬ್ಬರು ಕಾಲಲ್ಲಿ ತುಳಿಯಬೇಕು, ಇನ್ನೊಬ್ಬರು ನಳಿಕೆ ಹಿಡಿಯಬೇಕು. ಮಾವ ನನ್ನೆದುರಿಗೇ ಹಲಗೆಯ ಮೇಲೆ ಕೈ ಪಂಪು ಹೊಡೆದು ನೋಡಿದರು. ಮಂಜಿನ ಹಾಗೆ ನುಣ್ಣಗೆ ಬಿತ್ತು. ಆದರೂ ಅದನ್ನೇ ವಾಪಸ್ಸು ಕಳಿಸಿಬಿಟ್ಟರು!

"ಯಾಕೆ ಮಾವ?" ಅಂದೆ.

"ಅದು ಉಗುಳ್ತದೆ ಕಣಮ್ಮ. ಹನಿ ಹನಿ ಬೀಳ್ತದೆ."

ಎಲ್ಲಿ ಉಗುಳಿತು? ನನ್ನ ಕಣ್ಣೇ ಸರಿಯಿಲ್ಲವೋ... ತುಳಿಯಲು ನಮ್ಮ ಯಜಮಾನರನ್ನು ಕಳಿಸಲೇ ಅಂದರೆ ಬೇಡ. ನಾನೇ ಬರಲೇ ಅಂದರೆ ಅದೂ ಬೇಡ. ಬಾಣಂತಿ ಮಗಳಂತೂ ಕೋಣೆ ಬಿಟ್ಟು ಬರುವ ಹಾಗಿಲ್ಲ. ನಾಮಕರಣ ಹತ್ತಿರ ಬಂದರೂ ತೊಟ್ಟಿಲು ಬೋಳಾಗಿಯೇ ಇತ್ತು. ಮಾವ ಪಂಪಿನ ಪಕ್ಕ ಕೂತು ಅಡುಗೆಮನೆಯ ಕಡೆ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಅವರ ಹಿತ್ತಲಿನಿಂದ ಪುಸ್ ಪುಸ್ ಸದ್ದು. ಹೋಗಿ ನೋಡಿದರೆ, ಅತ್ತೆ ಸೆರಗು ಸಿಕ್ಕಿಸಿ, ಮುಖ ಗೋಡೆಗೆ ತಿರುಗಿಸಿಕೊಂಡು ಪಂಪು ತುಳಿಯುತ್ತಿದ್ದಾರೆ!

"ನಿಧಾನ," ಅಂದರು ಮಾವ.

"ನಂಗೊತ್ತು," ಅಂದರು ಅತ್ತೆ.

ನನಗೆ ಅಳು ಬಂತು. ಅಬ್ಬಾ, ರಾಜಿಯಾಯಿತು ಎಂದುಕೊಂಡೆ. ಎಲ್ಲಿಯ ರಾಜಿ! ಮಾರನೆಯ ದಿನ ಮತ್ತೆ ಹಳೆಯ ಕಥೆಯೇ. ಆಮೇಲೂ ಅಷ್ಟೇ, ಪಂಪು ತುಳಿಯುವಾಗ ಮಾತ್ರ ಎರಡು ಮಾತು...

ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಕೇಳಿಯೇಬಿಟ್ಟೆ, ಆ ಕೈ ಪಂಪು ನಿಜಕ್ಕೂ ಉಗುಳುತ್ತಿತ್ತಾ ಎಂದು.

"ಎಲ್ಲಿ ಉಗುಳ್ತಿತ್ತು? ಕಿಟಕೀಲಿ ನಾನೂ ನೋಡ್ತಿದ್ನಲ್ಲ." ಆಮೇಲೆ ತಾವೇ, "ಇಬ್ರು ಬೇಕಾಗೋ ಪಂಪು ತಂದು ಮಡಗಿದ್ರು ಕಣಮ್ಮ. ಬಾ ಅಂತ ಒಂದ್ಸಲಾನೂ ಕರೀನಿಲ್ಲ. ಕೊನೇಗೆ ನಾನೇ ಹೋಗ್ಬುಟ್ಟೆ," ಅಂದರು.

ಸಿಟ್ಟಿನಿಂದ ಅಂದರೋ, ಸಂಕಟದಿಂದಲೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೇಳೋಣವೆಂದರೆ ಈಗ ಅತ್ತೆಯೂ ಇಲ್ಲ.