ಡಬ್ಬಿ ಅನ್ನ, ಪಾರ್ಸಲ್ ಇಲ್ಲ

ಸುಮನಬಾಯಿಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿದವರು ಹುಮನಾಬಾದಿನಲ್ಲಿ ಯಾರಾದರೂ ಇದ್ದರೆ ನನಗೆ ತೋರಿಸಿ. ಅವಳ ಊಟದ ಅಂಗಡಿಗೆ ಗಿರಾಕಿ ಬಂದು ನಿಂತರೆ ಏನು ಬೇಕು ಎಂದು ಕೇಳುವ ರೂಢಿಯೇ ಅವಳಿಗಿಲ್ಲ. ‘ಏನ್ ಕಂಬದಂಗ ನಿಂತೀ, ಕೂಡು’ ಎಂದು ಗದರುತ್ತಾಳೆ. ಅನ್ನ ಬಿಟ್ಟವನಿಗೆ ಬೈಗುಳ, ಇನ್ನೊಂದಿಷ್ಟು ಹಾಕು ಎಂದವನಿಗೆ ಅದಕ್ಕಿಂತ ದೊಡ್ಡ ಬೈಗುಳ. ನಾನು ಅವಳ ಪಕ್ಕದ ಝೆರಾಕ್ಸ್ ಅಂಗಡಿಯ ರಾಜೀವ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಆ ತಗಡು ಬಿಸಿಲನ್ನು ತಡೆಯುತ್ತಿತ್ತೇ ಹೊರತು ಅವಳ ದನಿಯನ್ನು ತಡೆಯುತ್ತಿರಲಿಲ್ಲ. ಆಧಾರ್ ಕಾರ್ಡಿನ ನಕಲು ತೆಗೆಸಲು ಬಂದ ಮುದುಕಿಯರು, ಬೈದದ್ದು ತಮಗೇ ಎಂದು ಹೆದರಿ ಎದ್ದು ಹೋದದ್ದೂ ಉಂಟು.

ನನಗೆ ಅವಳು ಮೊದಲಿನಿಂದಲೂ ಹಿಡಿಸಿರಲಿಲ್ಲ. ಬೇರೆಯವಳಾಗಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಿರುತ್ತಿದ್ದೆ. ಆದರೆ ಅವಳು ನಮ್ಮವಳು. ಅವಳದು ಘಾಟಬೋರಾಳದ ಊರಾಚೆಯ ಬೌದ್ಧರ ಕೇರಿ, ನನ್ನದು ನಿರ್ಣಾ ಊರಿನ ಅಂಥದೇ ಕೇರಿ. ಅವಳು ಯಾರ ಜೊತೆ ಜಗಳ ತೆಗೆದರೂ ಬಜಾರಿನವರು ಕಣ್ಣು ತಿರುಗಿಸಿ ನೋಡುತ್ತಿದ್ದದ್ದು ನನ್ನನ್ನು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎಲ್ಲರಿಗೂ ನಮಸ್ಕಾರ ಹೇಳಿ, ತಗ್ಗಿದ ದನಿಯಲ್ಲಿ ಮಾತಾಡಿ ಕಟ್ಟಿಕೊಂಡಿದ್ದ ಮರ್ಯಾದೆಯನ್ನು ಆ ಹೆಂಗಸು ದಿನಕ್ಕೊಂದು ಸಲ ಚರಂಡಿಗೆ ಚೆಲ್ಲುತ್ತಿದ್ದಳು.

ಆದರೆ ಅವಳ ಅಡುಗೆಯಲ್ಲಿ ಕುಂದು ಹುಡುಕುವ ಹಾಗಿರಲಿಲ್ಲ. ಹೈದರಾಬಾದ್ ಕಡೆಯಿಂದ ಬರುವ ಲಾರಿಗಳು ಅವಳಿಗಾಗಿಯೇ ರಸ್ತೆ ಬದಿಗೆ ಸರಿಯುತ್ತಿದ್ದವು. ಅವಳು ಮಾಡುತ್ತಿದ್ದದ್ದು ಒಂದೇ ಪದಾರ್ಥ. ಬಾಣಲೆಗೆ ಎಣ್ಣೆ ಬಿಟ್ಟು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಹಾಕಿ, ಅದು ಕೆಂಪಾಗುವಷ್ಟರಲ್ಲಿ ಒಂದು ತಗಡಿನ ಡಬ್ಬಿಯ ಮುಚ್ಚಳ ಸೀಳಿ ಅದರೊಳಗಿನ ಬೇಯಿಸಿದ ಕೋಳಿ ಮಾಂಸವನ್ನು ಸುರಿಯುತ್ತಿದ್ದಳು. ಮಾಂಸ ಅಂಚಿನಲ್ಲಿ ಗರಿಗರಿಯಾದ ಮೇಲೆ ಆರಿದ ಅನ್ನ. ಅನ್ನವನ್ನು ಪಕ್ಕಕ್ಕೆ ಸರಿಸಿ, ಬಾಣಲೆಯ ನಡುವೆ ಎರಡು ಮೊಟ್ಟೆ ಒಡೆದು, ಅವು ಗಟ್ಟಿಯಾಗುವ ಮೊದಲೇ ಅನ್ನದ ಜೊತೆ ಕಲಸಿಬಿಡುತ್ತಿದ್ದಳು. ಲಾರಿಯವನು ಕೈ ತೊಳೆದು ಬಂದು ಕೂರುವಷ್ಟರಲ್ಲಿ ಬಟ್ಟಲು ಮುಂದಿರುತ್ತಿತ್ತು. ಡ್ರೈವರುಗಳು ಅದಕ್ಕೆ ಇಟ್ಟ ಹೆಸರು ಡಬ್ಬಿ ಅನ್ನ.

ಡಬ್ಬಿಯ ಮಾಂಸವೇ ಯಾಕೆ ಎಂದರೆ, ಅದಕ್ಕೆ ಕಾರಣ ಮಹಾರುದ್ರಪ್ಪ ಸಾವಕಾರರು. ನಮ್ಮ ಸಾಲಿನ ಅಂಗಡಿಗಳೆಲ್ಲ ಅವರವೇ. ಮೂಲೆಯಲ್ಲಿ ಅವರ ಬೀಜ-ಗೊಬ್ಬರದ ಅಂಗಡಿ. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಸದಾ ಶಿವನ ಹೆಸರು. ಕೊನೆಯ ಖೋಲಿಗೆ ಯಾರೂ ಬಾರದೆ ಅದು ಖಾಲಿ ಬಿದ್ದಿದ್ದಾಗ ಸುಮನಬಾಯಿಗೆ ಬಾಡಿಗೆಗೆ ಕೊಟ್ಟಿದ್ದರು. ಕೊಡುವಾಗ, ತಮ್ಮ ಜಾಗದಲ್ಲಿ ಮಾಂಸ ಕಡಿಯಬಾರದು, ರಕ್ತ ಬೀಳಬಾರದು, ನಾಯಿ ಎಲುಬು ಎಳೆಯಬಾರದು ಎಂದು ಷರತ್ತು ಹಾಕಿದ್ದರು. ಮುಂದೆ ಏನು ಮಾಡುವುದೆಂದು ಅವಳು ಒದ್ದಾಡುತ್ತಿದ್ದಾಗ ಲಾರಿ ಓಡಿಸುವ ಆರಿಫ ಹೈದರಾಬಾದಿನಿಂದ ಒಂದು ರಟ್ಟಿನ ಪೆಟ್ಟಿಗೆ ತುಂಬ ಡಬ್ಬಿ ತಂದುಕೊಟ್ಟ. ಎಲುಬಿಲ್ಲ, ರಕ್ತವಿಲ್ಲ, ಚಾಕುವೂ ಬೇಡ. ಷರತ್ತು ಮುರಿಯದೆ ಸಾವಕಾರರ ಖೋಲಿಯಲ್ಲಿ ಕೋಳಿ ಬೇಯತೊಡಗಿತು. ಸಾವಕಾರರು ಮೂಗು ಮುಚ್ಚಿಕೊಂಡರು, ಬಾಡಿಗೆ ತೆಗೆದುಕೊಂಡರು.

ಅವಳ ಅಂಗಡಿಯ ಹಲಗೆಯ ಮೇಲೆ ಎರಡೇ ಸಾಲು ಇದ್ದವು. ಡಬ್ಬಿ ಅನ್ನ. ಪಾರ್ಸಲ್ ಇಲ್ಲ.

ಈ ಎರಡನೆಯ ಸಾಲಿನ ಮೇಲೆಯೇ ಎಲ್ಲ ಜಗಳ. ಬಜಾರಿನ ದೊಡ್ಡ ಮನೆಯ ಹುಡುಗರು ಬೈಕ್ ಮೇಲೆ ಬರುತ್ತಿದ್ದರು, ಎಂಜಿನ್ ಬಂದ್ ಮಾಡದೆ ಪಾರ್ಸಲ್ ಕೇಳುತ್ತಿದ್ದರು. ಇಲ್ಲ ಎಂದರೆ ದುಪ್ಪಟ್ಟು ಕೊಡುತ್ತೇವೆ ಎನ್ನುತ್ತಿದ್ದರು. ‘ನಿಮ್ಮಪ್ಪಗ ಕೊಡು ಹೋಗು’ ಎನ್ನುತ್ತಿದ್ದಳು. ಪ್ಲಾಸ್ಟಿಕ್ ಚೀಲ ದುಬಾರಿ ಎಂದು ಹೀಗೆ ಮಾಡುತ್ತಾಳೆ ಎಂದುಕೊಂಡು ನಾನೇ ಒಂದು ಸಲ ಕಾಗದದ ತಟ್ಟೆಗಳ ಕಟ್ಟು ತಂದುಕೊಟ್ಟೆ. ಅದರಿಂದ ಒಲೆ ಹೊತ್ತಿಸಿದಳು.

‘ಡ್ರೈವರ್‌ಗೋಳು ಕುಂತು ಉಣ್ತಾರ. ಪರ ಊರವ್ರಿಗಿ ನಾ ಯಾರಂತ ಗೊತ್ತಿಲ್ಲ,’ ಎಂದಳು. ‘ಪಾರ್ಸಲ್ ಕೇಳೋರೆಲ್ಲ ಈ ಊರವ್ರು. ನಾ ಯಾರಂತ ಗೊತ್ತಿದ್ದವ್ರು. ನನ್ನ ಕೈ ಬೇಕು, ನನ್ನ ಬಟ್ಟಲ ಬ್ಯಾಡ, ನನ್ನ ಬೆಂಚ್ ಬ್ಯಾಡ. ಸುಮನಬಾಯಿ ಕಡಿ ಉಂಡ ಅಂತ ನಾಕ್ ಮಂದಿ ನೋಡಬಾರ್ದು. ಹಂಗಿದ್ರ ಉಪಾಸ ಬೀಳ್ರಿ.’

ಘಾಟಬೋರಾಳದಲ್ಲಿ ಅವಳ ತಾಯಿ ಜಿಜಾಬಾಯಿ ದೊಡ್ಡ ಹೊಲದ ಮನೆಯವರಲ್ಲಿ ಕೂಲಿಗೆ ಹೋಗುತ್ತಿದ್ದಳು. ಮಧ್ಯಾಹ್ನ ಆ ಮನೆಯವರು ರೊಟ್ಟಿಯನ್ನು ಮೇಲಿನಿಂದ ಸೆರಗಿಗೆ ಹಾಕುತ್ತಿದ್ದರು, ಬೇಳೆಯನ್ನು ಮುತ್ತುಗದ ಎಲೆಗೆ ಸುರಿಯುತ್ತಿದ್ದರು. ಎಲೆ ಹರಿದ ದಿನ ಬೇಳೆ ಮಣ್ಣಿಗೆ. ಸಣ್ಣ ಸುಮನ ಒಮ್ಮೆ ಆ ಮನೆಯ ಪಡಸಾಲೆಗೆ ಹೋಗಿ ಒಂದು ತಟ್ಟೆಯನ್ನು ಎತ್ತಿಕೊಂಡು ಬಂದಳಂತೆ. ಆ ತಟ್ಟೆಗಾಗಿ ಅವರು ಹೊಡೆದ ಏಟಿನ ಗುರುತು ಇವತ್ತಿಗೂ ಅವಳ ಮೊಣಕೈ ಮೇಲಿದೆ. ಇದನ್ನು ಅವಳು ನನಗೆ ಹೇಳಿದ್ದು ಕಣ್ಣೀರು ಹಾಕುತ್ತ ಅಲ್ಲ, ಉಳ್ಳಾಗಡ್ಡಿ ಹೆಚ್ಚುತ್ತ, ಈಳಿಗೆಯನ್ನು ನನ್ನ ಕಡೆ ತಿರುಗಿಸಿಕೊಂಡು, ನಾನೇ ಹೊಡೆದವನೋ ಎಂಬಂತೆ.

 ಮನಸ್ಸಿನಲ್ಲಿ ನಾನು, ಅದು ಹಳೆಯ ಕಾಲ, ಈಗ ಯಾರು ಅದನ್ನೆಲ್ಲ ನೋಡುತ್ತಾರೆ ಎಂದುಕೊಂಡೆ. ಚಹಾದ ಅಂಗಡಿಯಲ್ಲಿ ಈಗ ಎಲ್ಲರಿಗೂ ಕಾಗದದ ಕಪ್ಪು. ಕುಡಿದು ಮುದುಡಿ ಎಸೆದರೆ ಯಾರು ಯಾರೆಂಬ ಪ್ರಶ್ನೆಯೇ ಇಲ್ಲ. ಸಾವಕಾರರು ನನ್ನನ್ನು ‘ಬರ್ರಿ ರಾಜೀವ, ಚಾ ಕುಡೀರಿ’ ಎಂದು ಕರೆಯುತ್ತಿದ್ದರು. ಕುಡಿಯುತ್ತಿದ್ದೆ, ಕಪ್ಪು ಎಸೆಯುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಸಾವಕಾರರಿಗೆ ಕೆಟ್ಟ ಜ್ವರ ಬಂದು ಕಲಬುರಗಿಯ ಆಸ್ಪತ್ರೆಗೆ ಸೇರಿದರು. ಮೈ ಇಳಿದುಹೋಗಿ ವಾಪಸು ಬಂದರು. ಬಂದ ಮೇಲೆ ಒಂದು ದಿನ ನನ್ನನ್ನು ಅಂಗಡಿಯ ಒಳಗೆ, ಗೊಬ್ಬರದ ಚೀಲಗಳ ಹಿಂದಕ್ಕೆ ಕರೆದರು.

‘ಡಾಕ್ಟರ್ ತತ್ತಿ ತಿನ್ರಿ ಅಂದಾರ, ರಾಜೀವ. ಮನ್ಯಾಗ ತತ್ತಿ ಹೆಸರ ಎತ್ತಿದ್ರ ನಮ್ಮಾಕಿ ಒಲಿ ಹಚ್ಚಂಗಿಲ್ಲ. ನಿಮ್ಮ ಸುಮನಬಾಯಿಗಿ ನೀವೇ ಹೇಳ್ರಿ. ದಿನಾ ಒಂದ್ ಪಾರ್ಸಲ್ ಕಟ್ಟಿ ಕೊಡ್ಲಿ. ಆ ಡ್ರೈವರ್‌ಗೋಳು ತಿಂತಾರಲ್ಲ, ಅದೇ.’

‘ಡಬ್ಬಿದೂ ಹಾಕಬೇಕೇನ್ರಿ?’

ಸಾವಕಾರರು ಬಾಗಿಲ ಕಡೆ ನೋಡಿದರು. ‘ಹಾಕ್ಲಿ, ಹಾಕ್ಲಿ. ತಾಕತ್ ಬರಬೇಕಲ್ಲ.’

ಡಾಕ್ಟರು ಹೇಳಿದ್ದು ಮೊಟ್ಟೆ. ಕೋಳಿ ಇವರ ಸ್ವಂತ ಆಸೆ. ಎಷ್ಟೋ ವರ್ಷ ಆ ವಾಸನೆಗೆ ಮೂಗು ಮುಚ್ಚಿಕೊಂಡವರು ಒಳಗೊಳಗೇ ಜೊಲ್ಲು ನುಂಗುತ್ತಿದ್ದರು ಎಂಬುದು ನನಗೆ ಅವತ್ತು ಗೊತ್ತಾಯಿತು.

ಸುಮನಬಾಯಿಗೆ ಹೇಳಿದೆ. ಅವಳು ತಲೆ ಕೂಡ ಎತ್ತಲಿಲ್ಲ.

‘ಯಾಕ, ಅವ್ರಿಗಿ ಕಾಲಿಲ್ಲೇನು? ಬಾ ಅನ್ನು. ಬೆಂಚಿನ ಮ್ಯಾಲ ಕೂಡು ಅನ್ನು. ನನ್ನ ಬಟ್ಟಲದಾಗ ಉಣ್ಣು ಅನ್ನು.’

‘ಜಾಗಾ ಅವ್ರದ ಅದ, ಅಕ್ಕಾ. ಎದ್ದು ಹೋಗು ಅಂದ್ರ ಎಲ್ಲಿ ಹೋಗ್ತಿ? ಲಾರಿ ನಿಂದ್ರೋ ಜಾಗಾ ಈ ರಸ್ತಾದಾಗ ಮತ್ತೊಂದಿಲ್ಲ. ಸ್ನೇಹಲಳ ಓದು ಈ ಒಲಿ ಮ್ಯಾಲ ನಡದದ. ಒಂದ್ ಪಾರ್ಸಲ್ ಕಟ್ಟಿದ್ರ ಏನ್ ಹೋಗ್ತದ?’

ಸ್ನೇಹಲ ಅವಳ ಒಬ್ಬಳೇ ಮಗಳು. ಕಲಬುರಗಿಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು, ಕೊನೆಯ ವರ್ಷ. ಮಗಳ ಹೆಸರು ಎತ್ತಿದಾಗ ಸುಮನಬಾಯಿಯ ಕೈ ನಿಂತಿತು. ಈಗ ಒಪ್ಪುತ್ತಾಳೆ ಎಂದುಕೊಂಡೆ.

‘ಅಕ್ಕಾ ಗಿಕ್ಕಾ ಅನಬ್ಯಾಡ,’ ಎಂದಳು. ‘ನೀ ಯಾರ ಕಡಿಯಾಂವ, ಅದು ಮೊದಲ ಹೇಳು.’

ಸಾವಕಾರರಿಗೆ ಹೋಗಿ, ಅವಳ ಸ್ವಭಾವವೇ ಹಾಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಅವರು ನಕ್ಕರು. ಖೋಲಿ ಖಾಲಿ ಮಾಡಿಸಿದರೆ ಸ್ವಭಾವ ತಾನಾಗಿ ಸರಿಹೋಗುತ್ತದೆ ಎಂದರು. ಅವರು ಹಾಗೆ ಅಂದದ್ದನ್ನು ನಾನು ಅವಳಿಗೂ ಮುಟ್ಟಿಸಿದೆ. ಅವಳು ಬಾಣಲೆ ಉಜ್ಜುತ್ತಲೇ ಇದ್ದಳು.

ಎರಡು ದಿನ ಬಿಟ್ಟು ಮಧ್ಯಾಹ್ನ ಸಾವಕಾರರೇ ನಡೆದು ಬಂದರು. ಬಿಸಿಲಿಗೆ ಬಜಾರು ಖಾಲಿಯಾಗಿತ್ತು. ಬೆಂಚಿನ ಮೇಲೆ ಆರಿಫ ಮತ್ತು ಇನ್ನಿಬ್ಬರು ಡ್ರೈವರುಗಳು ಉಣ್ಣುತ್ತಿದ್ದರು. ಸಾವಕಾರರ ಕೈಯಲ್ಲಿ ಅವರ ಮನೆಯಿಂದ ದಿನಾ ಬುತ್ತಿ ಬರುವ ಸ್ಟೀಲ್ ಡಬ್ಬಿ ಇತ್ತು. ಅಂಚಿನ ಮೇಲೆ ಅವರ ತೀರಿಹೋದ ತಾಯಿಯ ಹೆಸರು ಕೊರೆದಿತ್ತು, ಸಂಗಮ್ಮ ಎಂದು. ಅದನ್ನು ಬೆಂಚಿನ ತುದಿಗೆ ಇಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತರು.

‘ಪಾರ್ಸಲ್ ಬ್ಯಾಡ ಬಿಡು. ಇದರಾಗ ಹಾಕು. ಈಗೇನ್ ತಕರಾರ್ ಅದ ನಿಂದು?’

ಸುಮನಬಾಯಿ ಡಬ್ಬಿಯನ್ನು ನೋಡಿದಳು, ಅವರನ್ನು ನೋಡಿದಳು. ಒಲೆಯ ಮೇಲೆ ಬಾಣಲೆ ಇಟ್ಟಳು. ಅಬ್ಬಾ, ಬುದ್ಧಿ ಬಂತು ಎಂದು ನಾನು ನನ್ನ ಬಾಗಿಲಲ್ಲಿ ನಿಂತು ಉಸಿರು ಬಿಟ್ಟೆ. ಅವತ್ತಿನ ಹಾಗೆ ಅವಳು ಯಾವತ್ತೂ ಮಾಡಿರಲಿಲ್ಲ. ಬೆಳ್ಳುಳ್ಳಿಯ ಘಮ ರಸ್ತೆಯಾಚೆಗೂ ಹೋಯಿತು. ಮಾಂಸ ಕೆಂಪಗೆ ಹುರಿಯಿತು, ಮೊಟ್ಟೆ ಎರಡರ ಬದಲು ಮೂರು ಒಡೆದಳು. ಎಲ್ಲವನ್ನೂ ಸಂಗಮ್ಮನ ಡಬ್ಬಿಗೆ ತುಂಬಿ, ಮೇಲೆ ಕೊತ್ತಂಬರಿ ಉದುರಿಸಿದಳು. ಸಾವಕಾರರ ಗಂಟಲಮಣಿ ಮೇಲೆ ಕೆಳಗೆ ಆಡಿತು.

ಆಮೇಲೆ ಅವಳು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವರ ಎದುರಿಗೇ ಬೆಂಚಿನ ಮೇಲೆ ಕೂತು, ಕೈಹಾಕಿ ಉಣ್ಣತೊಡಗಿದಳು.

‘ಏ! ಏನ್ ಮಾಡಾಕತ್ತಿ?’

‘ಉಣ್ಣಾಕತ್ತೀನಿ, ಸಾವ್ಕಾರ್ರ. ಉಪ್ಪು ಬರೋಬರಿ ಅದ.’

ಡ್ರೈವರುಗಳು ತುತ್ತು ಬಾಯಲ್ಲಿಟ್ಟುಕೊಂಡು ಹಾಗೇ ಕೂತರು. ಅವಳು ಅವಸರ ಮಾಡಲಿಲ್ಲ. ಕೊನೆಯ ಅಗುಳಿನ ತನಕ ಉಂಡಳು. ಎದ್ದು ಡಬ್ಬಿಯನ್ನು ಸಾಬೂನು ಹಾಕಿ ತಿಕ್ಕಿದಳು, ನೀರು ಸುರಿದಳು, ಒರೆಸಿದಳು. ಕೈ ಚಾಚಿ ಅವರ ಮುಂದೆ ಹಿಡಿದಳು.

‘ತಗೊಳ್ರಿ. ತೊಳ್ದೀನಿ.’

ಸಾವಕಾರರ ಕೈ ಮುಂದೆ ಬರಲಿಲ್ಲ. ಅದೇ ಡಬ್ಬಿಯಲ್ಲಿ ಕೋಳಿ ಹಾಕಿಸಿಕೊಂಡು ಹೋಗಲು ಬಂದವರು ಅವರು. ಕೋಳಿ ಬಿದ್ದರೆ ಕೆಡದ ತಾಯಿಯ ಡಬ್ಬಿ ಸುಮನಬಾಯಿಯ ಬೆರಳು ಬಿದ್ದದ್ದಕ್ಕೆ ಕೆಟ್ಟುಹೋಯಿತು. ಸಾಬೂನಿನಿಂದಲೂ ಆ ಮೈಲಿಗೆ ಹೋಗದಾಯಿತು.

‘ನಾಳಿ ಸಂಜಿಕಿ ಜಾಗಾ ಖಾಲಿ ಆಗಬೇಕು,’ ಎಂದರು. 

‘ಆಗ್ತದ. ಡಬ್ಬಿ ತಗೊಂಡ್ ಹೋಗ್ರಿ.’

ತಾಯಿಯ ಹೆಸರನ್ನು ಬೀದಿಯಲ್ಲಿ ಬಿಟ್ಟುಹೋಗಲು ಆಗದೆ, ಮುಟ್ಟಲೂ ಆಗದೆ ಅವರು ಅತ್ತಿತ್ತ ನೋಡಿದರು. ನಾನು ಕಣ್ಣಿಗೆ ಬಿದ್ದೆ. ಮುಖ ಅರಳಿತು. ಹಬ್ಬಕ್ಕೆ ಉಡುಗೊರೆ ಕೊಡುವವರ ಹಾಗೆ ಪ್ರೀತಿಯಿಂದಲೇ ಹೇಳಿದರು.

‘ರಾಜೀವ, ನೀವು ಇಟ್ಕೊಳ್ರಿ ಇದು. ನಿಮಗ ನಡೀತದ.’

ನಿಮಗೆ ನಡೆಯುತ್ತದೆ. ನನ್ನ ಇಸ್ತ್ರಿಯ ಅಂಗಿ, ನನ್ನ ನಮಸ್ಕಾರ, ಇಷ್ಟು ವರ್ಷಗಳ ತಗ್ಗಿದ ದನಿ, ಅವರ ಜೊತೆ ಕುಡಿದ ಚಹಾ, ಎಲ್ಲ ಸೇರಿ ನನ್ನನ್ನು ತಂದು ನಿಲ್ಲಿಸಿದ್ದು ಅಲ್ಲಿಗೆ. ಮೈಯೆಲ್ಲ ಉರಿದುಹೋಯಿತು. ಸುಮನಬಾಯಿ ಇಡೀ ಊರಿನ ಮೇಲೆ ಕಾರುತ್ತಿದ್ದ ಸಿಟ್ಟು ಎಷ್ಟು ಕಡಿಮೆ ಎಂದು ಅನಿಸಿತು.

ಅವಳ ಕೈಯಿಂದ ಡಬ್ಬಿ ಇಸಿದುಕೊಂಡೆ. ಸಾವಕಾರರನ್ನು ದಾಟಿ ನಡೆದು, ಅವರ ಗೊಬ್ಬರದ ಅಂಗಡಿಯ ಮೆಟ್ಟಿಲ ಮೇಲೆ, ನಟ್ಟನಡುವೆ ಇಟ್ಟೆ. ತಿರುಗಿ ಬಂದು ಆರಿಫನ ಪಕ್ಕ ಕೂತೆ. ಪಕ್ಕದಲ್ಲೇ ಇದ್ದೂ ಆ ಬೆಂಚಿನ ಮೇಲೆ ನಾನು ಒಂದು ದಿನವೂ ಕೂತಿರಲಿಲ್ಲ.

‘ಅಕ್ಕಾ, ನನಗೊಂದ್ ಬಟ್ಟಲ.’

‘ಈಗ ಹಸಿವಾಯ್ತೇನು, ಸಾಹೇಬ್ರಿಗಿ?’ ಎಂದಳು. ಒಲೆ ಜೋರು ಮಾಡಿ, ಬಟ್ಟಲು ತುಂಬಿ, ಟಪ್ಪೆಂದು ಮುಂದೆ ಕುಕ್ಕಿದಳು. ಬಾಯಿ ಸುಟ್ಟರೂ ಬಿಡದೆ ಉಂಡೆ. ರಸ್ತೆಗೆ ಕಾಣುವ ಹಾಗೆ ತಿರುಗಿ ಕೂತು ಉಂಡೆ.

ಸಾವಕಾರರು ನೋಡುತ್ತ ನಿಂತಿದ್ದರು.

‘ಏ ರಾಜ್ಯಾ,’ ಎಂದರು. ‘ನಿಂದೂ ನಾಳೇ ಖಾಲಿ ಮಾಡು.’

ನೀವು, ಬರ್ರಿ, ಕೂಡ್ರಿ ಎಂದು ಕೊಡುತ್ತಿದ್ದ ಮರ್ಯಾದೆಯೆಲ್ಲ ಒಂದು ಬಟ್ಟಲು ಅನ್ನಕ್ಕೆ ತೀರಿಹೋಯಿತು. ಸುಮನಬಾಯಿ ಕಿಸಕ್ಕನೆ ನಕ್ಕಳು. ಅವಳು ನಕ್ಕದ್ದನ್ನು ನಾನು ಮೊದಲ ಸಲ ಕೇಳಿದ್ದು. ನನಗೆ ಅವಳ ಮೇಲೂ ಸಿಟ್ಟು ಬಂತು.

ಬಸವಕಲ್ಯಾಣಕ್ಕೆ ತಿರುಗುವ ರಸ್ತೆಯ ಹತ್ತಿರ ಆರಿಫನ ಪರಿಚಯದವರದೊಂದು ಶೆಡ್ಡು ಇತ್ತು. ಅಲ್ಲಿ ನೆರಳಿಲ್ಲ, ನೀರು ದೂರದಿಂದ ಹೊತ್ತು ತರಬೇಕು, ಲಾರಿಗಳು ನಿಲ್ಲುತ್ತವೋ ಇಲ್ಲವೋ ಯಾರಿಗೆ ಗೊತ್ತು. ಸುಮನಬಾಯಿ ತನ್ನ ಮಗಳ ಕೊನೆಯ ವರ್ಷದ ಓದನ್ನು ಅಲ್ಲಿಂದಲೇ ದಾಟಿಸಬೇಕಿತ್ತು. ಮರುದಿನ ಇಬ್ಬರ ಸಾಮಾನೂ ಒಂದೇ ಟೆಂಪೊದಲ್ಲಿ ಹೇರಿದೆವು. ನನ್ನ ಝೆರಾಕ್ಸ್ ಮಶೀನಿನ ಮೇಲೆ ಅವಳು ಮೊಟ್ಟೆಯ ಟ್ರೇ ಇಟ್ಟಳು. ತೆಗಿ ಎಂದೆ. ಮಶೀನು ಒಡೆಯುವುದಿಲ್ಲ, ತತ್ತಿ ಒಡೆಯುತ್ತದೆ, ನೀನೇ ತೊಡೆಯ ಮೇಲೆ ಇಟ್ಟುಕೋ ಎಂದಳು. ಜಗಳವಾಯಿತು. ಟ್ರೇ ನನ್ನ ತೊಡೆಯ ಮೇಲೆ ಬಂತು.

ಟೆಂಪೊ ಗೊಬ್ಬರದ ಅಂಗಡಿಯ ಮುಂದೆ ಹಾದುಹೋಯಿತು. ಸಂಗಮ್ಮನ ಡಬ್ಬಿ ನಾನು ಇಟ್ಟಲ್ಲೇ, ಮೆಟ್ಟಿಲ ನಡುವೆ ಬಿಸಿಲಲ್ಲಿ ಕೂತಿತ್ತು. ರೈತರು ಅದನ್ನು ದಾಟಿ ಒಳಗೆ ಹೋಗುತ್ತಿದ್ದರು. ಸಂಗಮ್ಮನ ಮಗ ಅದನ್ನು ಇನ್ನೂ ಮುಟ್ಟಿರಲಿಲ್ಲ.