ಐವತ್ತನೆಯ ಬೀಜಕಣ

ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಆಕೆ ಸ್ಲೈಡನ್ನು ಸಣ್ಣ ಉರಿಯ ಮೇಲೆ ಹಿಡಿದು ಬಿಸಿ ಮಾಡುತ್ತಿದ್ದರು. ಹೀಗೆ ಮಾಡಿದರೆ ದ್ರವದೊಳಗಿನ ಗಾಳಿಗುಳ್ಳೆಗಳು ಹೋಗುತ್ತವೆ. ಆ ಸಮಯ ರಿಜಿಸ್ಟರಿನಲ್ಲಿದೆ. ಬರೆದವರು ಆಕೆಯ ಗಂಡ.

ಪ್ರಯೋಗಾಲಯದಲ್ಲಿ ಆಕೆಗೆ 'ತುಕ್ಕಮ್ಮ' ಎಂದೇ ಹೆಸರು. ಎಲೆಯ ಮೇಲೆ ತುಕ್ಕಿನಂತೆ ಹಬ್ಬುವ ಶಿಲೀಂಧ್ರಗಳನ್ನು ನೋಡಿ, ಯಾವುದು ಯಾವ ಜಾತಿ ಎಂದು ಹೇಳುವುದು ಆಕೆಯ ಕೆಲಸ. ಅಂಥ ಎಲೆಗಳನ್ನು ಊರೂರು ಸುತ್ತಿ ತರುವುದು ಗಂಡನ ಕೆಲಸ. ಎಲ್ಲಿಂದಲೋ ಬಂದು ಹೊಲ, ರಸ್ತೆಯಂಚುಗಳನ್ನೆಲ್ಲ ನುಂಗಿದ್ದ ಒಂದು ಕಳೆಯ ಬೆನ್ನು ಹತ್ತಿ ಗಂಡ ಹನ್ನೊಂದು ವರ್ಷ ಕಳೆದಿದ್ದರು. ಅದರ ಪರಾಗದಿಂದಲೇ ಉಬ್ಬಸ ಹತ್ತಿಸಿಕೊಂಡಿದ್ದರು. ಕೊನೆಗೊಮ್ಮೆ ಆ ಕಳೆಯನ್ನು ಒಣಗಿಸುವ ತುಕ್ಕು ಸಿಕ್ಕಿತು. ಸಿಕ್ಕ ಹೊಲದಲ್ಲೇ ಸ್ಲೈಡ್ ಮಾಡಿ ನೋಡಿ, ಬೀಜಕಣದ ಗೋಡೆಯಲ್ಲಿ ಮೂರು ರಂಧ್ರಗಳಿವೆ, ಹೊಸ ಜಾತಿ ಎಂದು ಅಲ್ಲಿಂದಲೇ ಬರೆದು ಕಳಿಸಿದರು.

ಮೂರಾದರೆ ಅದನ್ನು ಕಳೆಯ ಮೇಲೆ ಬಿಡುವ ದಾರಿ ತೆರೆಯುತ್ತಿತ್ತು. ಎರಡಾದರೆ ಅದು ಸೂರ್ಯಕಾಂತಿಗೂ ಬೀಳುವ ಹಳೆಯ ಜಾತಿ. ಗಾಜಿನ ಮನೆಯಲ್ಲಿ ಆ ತುಕ್ಕು ಹತ್ತಿಸಿ ಬೆಳೆಸಿದ್ದ ಗಿಡಗಳನ್ನೆಲ್ಲ ಸುಟ್ಟುಹಾಕಬೇಕು.

ಐವತ್ತು ಬೀಜಕಣಗಳ ರಂಧ್ರ ಎಣಿಸಬೇಕು, ತಂದವರೇ ಎಣಿಸಬಾರದು ಎಂಬುದು ನಿಯಮ. ಹಾಗಾಗಿ ಆಕೆ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದರು, ಅವರು ಬರೆದುಕೊಂಡರು.

"ಎರಡು. ಎರಡು. ಇದೂ ಎರಡು."

"ಕನ್ನಡಕ ಹಾಕ್ಕೊಂಡಿದೀಯೇನೆ?"

"ಕನ್ನಡಕ ಇರೋದು ನಿಮ್ಮ ಮೂಗಿನ ಮೇಲೆ. ಸುಮ್ನೆ ಬರೀರಿ."

ಇಪ್ಪತ್ತು ದಾಟಿದ ಮೇಲೆ ಅವರ ತಮಾಷೆ ನಿಂತಿತು. ಮೂವತ್ತರ ಹೊತ್ತಿಗೆ ಆಕೆ ಕಣ್ಣೆತ್ತದೆ ಕೇಳಿದರು: "ರೀ, ಅಲ್ಲಿ ಸ್ಲೈಡ್ ಬಿಸಿ ಮಾಡಿದ್ರಾ?"

"ಗಾಳಿ ಜೋರಿತ್ತು ಕಣೆ. ದೀಪ ನಿಲ್ತಾನೇ ಇರ್ಲಿಲ್ಲ."

ಹೊಲದಲ್ಲಿ ಅವರು ಕಂಡಿದ್ದ ಮೂರನೆಯ ರಂಧ್ರ ಬರೀ ಗಾಳಿಗುಳ್ಳೆಯಾಗಿತ್ತು. ಇಬ್ಬರಿಗೂ ತಿಳಿಯಿತು. ಆದರೂ ಐವತ್ತು ಮುಗಿಸಲೇಬೇಕಿತ್ತು.

ಕೊನೆಯದು ಬಂದಾಗ ಅವರು ನಗಲು ನೋಡಿದರು. "ಇದೊಂದನ್ನ ಮೂರು ಅಂದ್ಬಿಡೆ. ನನಗೋಸ್ಕರ. ಐವತ್ತರಲ್ಲಿ ಒಂದು ಯಾವ ಲೆಕ್ಕ?"

ನಿಜವೇ, ಒಂದರಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ. ಆಕೆ ಹೇಳಿದರು, ಅವರು ಬರೆದರು. ಮಧ್ಯಾಹ್ನ ಗಾಜಿನ ಮನೆಯ ಗಿಡಗಳನ್ನು ಅವರೇ ಕಿತ್ತು ಬೆಂಕಿಗೆ ಹಾಕಿದರು. ಮತ್ತೆ ಎಲೆ ಹುಡುಕಲು ಹೋಗಲಿಲ್ಲ. ಅದಾದ ಎರಡನೆಯ ವರ್ಷ ಉಬ್ಬಸ ಅವರನ್ನು ಕೊಂಡೊಯ್ದಿತು.

ನಿವೃತ್ತಿಯ ದಿನ ಕಪಾಟು ಖಾಲಿ ಮಾಡುವಾಗ ಆಕೆ ಆ ರಿಜಿಸ್ಟರ್ ತೆರೆದು, ನೆರವಿಗೆ ಬಂದಿದ್ದ ತಂಗಿಗೆ ತೋರಿಸಿದರು. "ಅಂದುಬಿಡಬಹುದಿತ್ತು ಕಣೆ. ಆಮೇಲೆ ಗೀಟೆಳೆದ್ರಾಗ್ತಿತ್ತು."

ತಂಗಿ ಬಗ್ಗಿ ನೋಡಿದರು. ಐವತ್ತನೆಯ ಸಾಲಿನಲ್ಲಿ, ಗಂಡನ ದುಂಡಗಿನ ಅಕ್ಷರದಲ್ಲಿ, ಅಂದು ಆಕೆ ಗಟ್ಟಿಯಾಗಿ ಹೇಳಿದ್ದೇ ಇತ್ತು: ಎರಡು.