ಮಾವನವರು ಮಜ್ಲಿಸಿನಲ್ಲಿ ಎದ್ದು ನಿಂತ ದಿನ

ನಾನು ಗಂಗಾವತಿಯ ಆ ಮನೆಗೆ ಸೊಸೆಯಾಗಿ ಬಂದಾಗ ನಮ್ಮ ಮಾವನವರು ಹೈದರಾಬಾದಿನ ಕಾನೂನು ಸಭೆಯ ಸದಸ್ಯರಾಗಿದ್ದರು. ಜನ ಆರಿಸಿದವರಲ್ಲ, ಸರ್ಕಾರವೇ ಕರೆದು ಕೂಡಿಸಿದವರು. ಆ ಸಭೆಗೆ ನಮ್ಮ ಕಡೆ ಎಲ್ಲರೂ ಮಜ್ಲಿಸ್ ಅನ್ನುತ್ತಿದ್ದರು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಕೊನೆಯವೆಂದು ಆಗ ಯಾರಿಗೆ ಗೊತ್ತಿತ್ತು?

ಮಜ್ಲಿಸ್ ಮುಗಿಸಿಕೊಂಡು ಮಾವನವರು ಬಂದರೆಂದರೆ ಪಡಸಾಲೆ ತುಂಬುತ್ತಿತ್ತು. ಕುಷ್ಟಗಿ, ಯಲಬುರ್ಗಿ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದವರು ತಂಬಾಕು ತಿಕ್ಕುತ್ತ ಕೂಡುತ್ತಿದ್ದರು. ಕೆರೆಯ ಬಗ್ಗೆ, ರಸ್ತೆಯ ಬಗ್ಗೆ, ಸರ್ಕಾರ ರೈತರಿಂದ ಎಳೆದುಕೊಳ್ಳುತ್ತಿದ್ದ ಲೇವಿ ಜೋಳದ ಬಗ್ಗೆ ಅಲ್ಲಿ ತಾವು ಆಡಿದ ಮಾತನ್ನು ಮಾವನವರು ಮೊದಲು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳುವರು. ಬಾಗಿಲ ಮರೆಯಲ್ಲಿ ಅತ್ತೆಯ ಪಕ್ಕ ಕೂತು ಕೇಳುತ್ತಿದ್ದ ನನಗೆ ಆ ಧ್ವನಿ ಎಲ್ಲೋ ದೂರದ ಬಾವಿಯೊಳಗಿಂದ ಬಂದಂತೆ, ಇಂಪಾಗಿ, ಸ್ವಲ್ಪ ತಂಪಾಗಿ ಕೇಳುತ್ತಿತ್ತು. ಉರ್ದು ನನಗೆ ಬರುತ್ತಿತ್ತು. ತವರು ರಾಯಚೂರು, ಅಲ್ಲಿಯ ಸಾಲೆಯಲ್ಲಿ ಕಲಿಸಿದ್ದೇ ಅದು. ಅತ್ತೆಗೆ ಬರುತ್ತಿರಲಿಲ್ಲ.

ಒಂದು ಸಂಜೆ ರೊಟ್ಟಿ ಬಡಿಸುತ್ತ ಅತ್ತೆ ಕೇಳಿದರು, "ಮಾತಾಡಿದ ಮ್ಯಾಲ ಅಲ್ಲಿ ಏನ ಆಗತೈತ್ರಿ?"

ಠರಾವಿನ, ಅಂದರೆ ಮುಂದಿಟ್ಟ ನಿರ್ಣಯದ, ಪರ ಇದ್ದವರು ಎದ್ದು ನಿಲ್ಲುತ್ತಾರೆ, ತಲೆ ಎಣಿಸುತ್ತಾರೆ ಎಂದರು ಮಾವನವರು.

"ಲೇವಿ ಜ್ವಾಳದ ದಿನ ನೀವು ಎದ್ದು ನಿಂತಿದ್ರೇನ್ರಿ?"

ಮಾವನವರು ಮುರಿದ ರೊಟ್ಟಿಯನ್ನು ತಟ್ಟೆಗೆ ಇಟ್ಟರು. ಲೇವಿ ಇಳಿಸಬೇಕೆಂದು ತಾವೇ ಮಾತಾಡಿದ್ದು ಖರೆ, ಆದರೆ ಸರ್ಕಾರದ ಮಂದಿ ಕೂತೇ ಇದ್ದರು, ತಾವೂ ಕೂತದ್ದಾಗಿ ತಗ್ಗಿದ ದನಿಯಲ್ಲಿ ಹೇಳಿದರು. ನಾಲ್ಕಾರು ದಿನ ಬಿಟ್ಟು ಅತ್ತೆ, ಮುಂದಿನ ಸಲ ತಾವೂ ಬರುವುದಾಗಿ, ಉರ್ದು ಬಿಡಿಸಿ ಹೇಳಲು ಸೊಸೆಯೂ ಬರಲಿ ಎಂದು ತಿಳಿಸಿದರು. ಮಾವನವರು ಹೂಂ ಎಂದರು.

ಬೆಳಕು ಹರಿಯುವ ಮೊದಲೇ ಬಂಡಿ ಹೊರಟಿತು. ಗುಂಡುಗಲ್ಲಿನ ಗುಡ್ಡಗಳು ಮಂಜಿನಲ್ಲಿ ಬುಡವಿಲ್ಲದೆ ತೇಲುತ್ತಿದ್ದವು. ಇರಕಲ್ಲಗಡದ ಬೀಗರ ಮನೆಯಲ್ಲಿ ಉಂಡು, ಕೊಪ್ಪಳದಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಇಳಿದು ಮತ್ತೊಂದು ಹತ್ತಿದೆವು. ಮೊದಲ ಸಲ ರೈಲು ಕಂಡ ಅತ್ತೆ ಕಿಟಕಿಯ ಹೊರಗೆ ಕೈ ಚಾಚಿ, ಗಾಳಿಯನ್ನು ಬಟ್ಟೆಯಂತೆ ಮುಟ್ಟಿ ನೋಡುತ್ತ ಕೂತರು. ನನಗೆ ನಿದ್ದೆಯೋ ಎಚ್ಚರವೋ ತಿಳಿಯದಂಥ ಪಯಣ ಅದು.

ಮಜ್ಲಿಸ್ ಕೂಡುತ್ತಿದ್ದದ್ದು ದೊಡ್ಡ ತೋಟದ ನಡುವಿನ ಬಿಳಿ ಕಟ್ಟಡದಲ್ಲಿ. ಹೆಂಗಸರಿಗೆ ತೆಳುವಾದ ಪರದೆಯ ಹಿಂದೆ ಜಾಗವಿತ್ತು. ಪರದೆಯ ಮೂಲಕ ಶೇರವಾನಿಗಳು, ರೂಮಿ ಟೊಪ್ಪಿಗೆಗಳು, ತಿರುಗುವ ಪಂಖಗಳು ನೀರಿನಡಿ ಇರುವಂತೆ ಅಲುಗುತ್ತಿದ್ದವು. ಆವತ್ತು ಮರಾಠಿ ಸೀಮೆಯ ಸದಸ್ಯರೊಬ್ಬರು ಠರಾವು ತಂದಿದ್ದರು: ಸಣ್ಣ ಮಕ್ಕಳಿಗೆ ಅವರವರ ಮನೆಮಾತಿನಲ್ಲೇ ಸಾಲೆ ಕಲಿಸಬೇಕು. ಮಾವನವರೂ ಎರಡು ಮಾತು ಚಂದಾಗಿ ಆಡಿದರು. ನಾನು ಅತ್ತೆಯ ಕಿವಿಯಲ್ಲಿ ಕನ್ನಡ ಮಾಡಿ ಸುರಿಯುತ್ತ ಹೋದೆ.

ಪರ ಇದ್ದವರು ಏಳಬೇಕೆಂದು ಕರೆ ಬಂತು. ಮುಂದಿನ ಸಾಲಿನ ಅಧಿಕಾರಿಗಳು ಕದಲಲಿಲ್ಲ. ಠರಾವು ತಂದವರು ಎದ್ದರು, ಹಿಂದೆ ಇನ್ನೊಬ್ಬರು ಎದ್ದರು. ಮಾವನವರು ತಮ್ಮ ಮೊಣಕಾಲು ನೋಡುತ್ತ ಕೂತಿದ್ದರು. ಅತ್ತೆ ನನ್ನ ಕೈ ಹಿಡಿದರು; ಅವರ ಬಳೆಗಳು ನನ್ನ ಚರ್ಮಕ್ಕೆ ಒತ್ತಿದವು. ನಾವು ಪರದೆಯ ಹಿಂದೆ ಎಲ್ಲಿ ಕೂತಿದ್ದೇವೆಂದು ಮಾವನವರಿಗೆ ತಿಳಿಯುವಂತಿರಲಿಲ್ಲ. ಆದರೂ ಒಮ್ಮೆ ಕತ್ತೆತ್ತಿ ಇತ್ತ ನೋಡಿದರು. ಆಮೇಲೆ, ಮನೆಗೆ ಹಿರಿಯರು ಬಂದಾಗ ಏಳುವ ಹಾಗೆ, ನಿಧಾನವಾಗಿ ಎದ್ದು ನಿಂತರು.

ಠರಾವು ಬಿತ್ತು. ನಿಂತವರು ಬೆರಳೆಣಿಕೆಯಷ್ಟು.

ಮರಳುವ ರೈಲಿನಲ್ಲಿ ಮಾವನವರು ಅತ್ತೆಗೆ ಹೇಳಿದರು. "ಏನೂ ಉಪಯೋಗ ಆಗಲಿಲ್ಲ ನೋಡು."

"ಠರಾವು ಬಿದ್ರ ಬೀಳಲಿ. ನೀವು ನಿಂತದ್ದು ನಾ ನೋಡೀನಿ," ಎಂದರು ಅತ್ತೆ.

"ಮೊಣಕಾಲು ನಡಗತಿದ್ವು."

"ಪರದೆ ಹಿಂದ ಅದು ಕಾಣಲಿಲ್ಲ ಬಿಡ್ರಿ."

ಮಾವನವರು ನಕ್ಕರು. ಅವರು ಅತ್ತೆಯ ಮಾತಿಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಊರಿಗೆ ಬಂದ ಮೇಲೆ ಪಡಸಾಲೆ ಎಂದಿನಂತೆ ತುಂಬಿತು. ಈ ಸಲ ಮಾವನವರು ಭಾಷಣ ಹೇಳಲಿಲ್ಲ. ಮಜ್ಲಿಸಿಗೆ ಹೋಗತೊಡಗಿದಂದಿನಿಂದ ಯಾವ ಠರಾವಿಗೆ ನಿಂತೆ, ಯಾವುದಕ್ಕೆ ಕೂತೆ ಎಂದು ಒಂದೊಂದಾಗಿ ಹೇಳಿದರು. ಲೇವಿ ಜೋಳದ ದಿನಕ್ಕೆ ಬಂದಾಗ ಮಂದಿ ಮುಖ ಮುಖ ನೋಡಿಕೊಂಡರು. ಕೆಲವರು ಚಹಾ ಮುಟ್ಟದೆ ಎದ್ದು ಹೋದರು. ಯಲಬುರ್ಗಿಯ ಮುದುಕರೊಬ್ಬರು ಮಾತ್ರ ಕೇಳಿದರು, "ಇಷ್ಟ ದಿನಾ ಯಾಕ ಹೇಳಲಿಲ್ರಿ ಸಾಹುಕಾರ?"

"ಯಾರೂ ಕೇಳಿರಲಿಲ್ಲ. ಈ ಸಲ ಮನಿಯಾಗ ಕೇಳಿದ್ರು," ಎಂದರು ಮಾವನವರು.

ಮುಂದಿನ ಮಜ್ಲಿಸಿಗೆ ಅವರಿಗೆ ಕರೆ ಬರಲಿಲ್ಲ. ಅದಕ್ಕೆ ಕಾರಣವನ್ನೂ ಯಾರೂ ಹೇಳಲಿಲ್ಲ. ಬಂಡಿಗಳು ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಯಾರೂ ಬಾರದ ಮೊದಲ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಬಿಸಿಲು ಪಡಸಾಲೆಯ ಕಂಬಗಳನ್ನು ಏರಿದರೂ ಮಾವನವರು ಹಜಾರದಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಲೇ ಇದ್ದರು. ಎಬ್ಬಿಸಲು ಹೋದ ನನ್ನನ್ನು ಅತ್ತೆ ಸನ್ನೆ ಮಾಡಿ ತಡೆದು, ಹಜಾರದ ಬಾಗಿಲನ್ನು ಸದ್ದಾಗದಂತೆ ಮುಚ್ಚಿದರು.